ಒಂದೇ ಪೇಪರ್ ಬಾಕಿ

ಪ್ರತಿ ಊರಲ್ಲೂ ಓದಿ ಮುಗಿಸಿದವರು ಇರುತ್ತಾರೆ, ಓದು ಬಿಟ್ಟವರೂ ಇರುತ್ತಾರೆ. ಎರಡಕ್ಕೂ ಸೇರದ ಪಂಗಡವೊಂದಿದೆ: ಒಂದೇ ಪೇಪರ್ ಬಾಕಿ ಇರುವವರದು. ಪಿಎಸ್‌ಐ, ಪಿಡಿಒ, ಕೆಎಎಸ್, ಹೀಗೆ ಒಳಪಂಗಡಗಳು ಬೇರೆ ಬೇರೆ, ಲಕ್ಷಣ ಮಾತ್ರ ಒಂದೇ. ಸ್ನಾನ ಹನ್ನೆರಡಕ್ಕೆ, ಮದುವೆಯೂಟ ಮೊದಲ ಪಂಕ್ತಿಯಲ್ಲಿ, ಕಿವಿಯ ಮೇಲೆ ಹಸಿರು ಹೈಲೈಟರ್ ಪೆನ್ನು. ಮನೆಯಲ್ಲಿ ಭತ್ತದ ಚೀಲ ಇಳಿಸುವ ಹೊತ್ತಿಗೆ ಸರಿಯಾಗಿ ಅವರ ಮಾಕ್ ಟೆಸ್ಟ್ ಶುರುವಾಗುತ್ತದೆ.

ನಮ್ಮ ಎಮ್ಮಿಗನೂರಿನ ಕ್ಯಾಪ್ಟನ್ ಈ ಪಂಗಡಕ್ಕೆಲ್ಲ ಕಳಶವಿದ್ದಂತೆ. ಅವನದು ಪೈಲಟ್ ಪೇಪರ್.

ಏಳನೇ ಕ್ಲಾಸಿನಲ್ಲಿ ಅವನಿಗೆ ಗಣಿತ ಹೇಳಿದವನು ನಾನೇ. ಆಗ ಅವನಿಗೆ ಭಿನ್ನರಾಶಿ ಬರುತ್ತಿರಲಿಲ್ಲ. 2017ರಲ್ಲಿ ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣಕ್ಕೆ ಉಡಾನ್ ಯೋಜನೆಯಲ್ಲಿ ಎಟಿಆರ್ ವಿಮಾನ ಬರತೊಡಗಿತಲ್ಲ, ರೋಗ ಹತ್ತಿದ್ದು ಆಗ. ಅಲ್ಲಿನ ಜಿಂದಾಲ್ ಕಾರ್ಖಾನೆ ಕಡೆ ಹೋದ ಹುಡುಗ ಎರಡು ಫ್ಯಾನಿನ ವಿಮಾನ ನೋಡಿಕೊಂಡು ಬಂದು ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ನಾಲ್ಕನೇ ದಿನ ಅವರಪ್ಪ ಕಾಲುವೆ ಮಗ್ಗುಲಿನ ಎರಡೆಕರೆ ಮಾರುವ ಮಾತೆತ್ತಿದರು.

ಹೊಲ ಮಾರಿದ ದುಡ್ಡು ನೀರಾಗಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಹುಡುಗ ನಿಜವಾಗಿಯೂ ಹಾರಿದ್ದಾನೆ. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ಒಂದೇ ಎಂಜಿನ್ನಿನ ಸೆಸ್ನಾದಲ್ಲಿ 185 ಮುಗಿಸಿದ್ದಾನೆ. ಉಳಿದ ಹದಿನೈದನ್ನು ಎರಡು ಎಂಜಿನ್ನಿನ ವಿಮಾನದಲ್ಲಿ ಮುಗಿಸಿ, ಮಲ್ಟಿ ಎಂಜಿನ್ ರೇಟಿಂಗ್ ಎಂಬ ಮುದ್ರೆ ಒತ್ತಿಸಿಕೊಳ್ಳಬೇಕು. ಅದಿಲ್ಲದೆ ಯಾವ ಏರ್‌ಲೈನಿನವರೂ ಒಳಗೆ ಬಿಡುವುದಿಲ್ಲ. ಅವನು ಕಲಿತ ಕಡೆ ಇದ್ದದ್ದೊಂದು ಜೋಡಿ ಎಂಜಿನ್ನಿನ ವಿಮಾನ, ಅದು ಬಿಡಿಭಾಗ ಬರಲೆಂದು ನೆಲಕ್ಕೆ ಕೂತಿದೆ. ಅದರ ಜತೆ ಇವನೂ ಬಂದು ನಮ್ಮೂರಲ್ಲಿ ಕೂತಿದ್ದಾನೆ. ಅಷ್ಟರೊಳಗೆ ಆ ವಿಮಾನದ ತಿಯರಿ ಪೇಪರ್ ಮುಗಿಸುವ ಲೆಕ್ಕ. ಪಾಸಾಗಲು ನೂರಕ್ಕೆ 70 ಬೇಕು. ನನ್ನ ಕ್ಲಾಸಿನಲ್ಲಿ 35 ಸಾಕಿತ್ತು, ಅದೂ ಅವನಿಗೆ ಸಾಲುತ್ತಿರಲಿಲ್ಲ.

ಊರಿಗೆ ಬಂದ ಮೇಲೆ ಅವನ ಭಾಷೆಯೇ ಬೇರೆಯಾಯಿತು. ಗ್ಯಾಸ್ ಬುಕಿಂಗಿಗೆ ಫೋನ್ ಮಾಡಿದರೆ ಊರ ಹೆಸರನ್ನು "ಎಕೋ, ಮೈಕ್, ಮೈಕ್, ಇಂಡಿಯಾ..." ಎಂದು ಬಿಡಿಸಿ ಹೇಳುತ್ತಾನೆ. ಆ ಕಡೆಯ ಹುಡುಗಿ "ಮೈಕ್ ಅವ್ರೇ, ಮನೆ ನಂಬರ್ ಹೇಳ್ರಿ" ಅಂದಳಂತೆ. ಹೊಸಪೇಟೆ ಡ್ಯಾಮಿನಿಂದ ನೀರು ಬಿಟ್ಟು ಕಂಪ್ಲಿ ಸೇತುವೆ ಮುಳುಗಿದಾಗ ಗಂಗಾವತಿಗೆ ಹೋಗುವವರೆಲ್ಲ ಬುಕ್ಕಸಾಗರದ ಸೇತುವೆ ಸುತ್ತಿಕೊಂಡು ಹೋಗುತ್ತಾರೆ. ಅದಕ್ಕವನು "ಡೈವರ್ಷನ್" ಅನ್ನುತ್ತಾನೆ. ಅವರವ್ವ ಮಾತ್ರ ಇವತ್ತಿಗೂ "ಸುತ್ತು" ಅಂತಲೇ ಅನ್ನುತ್ತಾರೆ.

ಹೆಣ್ಣು ಕೊಡುವವರೂ ಬಂದರು. ಹುಡುಗ ಪೈಲಟ್ ಎಂದ ಕೂಡಲೇ ಹುಡುಗಿಯ ಸೋದರಮಾವ ಕೇಳಿದ್ದು, "ಗೌರ್ಮೆಂಟೋ ಪ್ರೈವೇಟೋ?"

"ಮಲ್ಟಿ ಎಂಜಿನ್," ಅಂದ ಕ್ಯಾಪ್ಟನ್.

"ಅದಿರ್ಲಿ ಬಿಡ್ರಿ, ರೂಟ್ ಯಾವ್ದು?"

"ಒಂದೇ ಪೇಪರ್ ಬಾಕಿ ಐತ್ರಿ." ಆ ರೂಟಿಗೆ ಹೆಣ್ಣು ಕೊಡುವವರು ಯಾರು? ಚಹಾ ಕುಡಿದು ಎದ್ದು ಹೋದರು.

ಓದುವುದೇನೋ ಓದುತ್ತಾನೆ, ಆದರೆ ಒಬ್ಬನೇ ಕೂತು ಓದಲಾರ. ಎದುರಿಗೊಬ್ಬರು ಬೇಕು. ಒಮ್ಮೆ ನಾನೇ ಸಿಕ್ಕಿದೆ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಒಗ್ಗರಣೆ ಮಿರ್ಚಿ ಹೇಳಿದ್ದೆವು. ಮಂಡಕ್ಕಿಯ ಪ್ಲೇಟನ್ನು ತನ್ನ ಮುಂದಕ್ಕೆ ಎಳೆದುಕೊಂಡು ಎಡಕ್ಕೊಂದು ಬಲಕ್ಕೊಂದು ಮಿರ್ಚಿ ಇಟ್ಟ.

"ಸರ್, ಇದು ವಿಮಾನ. ಇವೆರಡು ಎಂಜಿನ್. ಈಗ ಎಡಗಡೆದು ಫೇಲ್ ಆಯ್ತು," ಎಂದು ಎಡಗಡೆಯ ಮಿರ್ಚಿ ತಿಂದ. "ಎಷ್ಟು ಹೋಯ್ತು?"

"ಅರ್ಧ," ಅಂದೆ, ಗಣಿತದ ಮೇಷ್ಟ್ರ ಧೈರ್ಯದಿಂದ.

"ಅಲ್ಲೇ ಎಲ್ಲರೂ ತಪ್ಪೋದು ಸರ್. ಶಕ್ತಿ ಅರ್ಧ ಹೋಯ್ತು. ಆದ್ರೆ ಮೇಲೇರೋ ತಾಕತ್ತು ನೂರಕ್ಕೆ ಎಂಬತ್ತು ಹೋಗ್ತೈತಿ, ಒಮ್ಮೊಮ್ಮೆ ಅದಕ್ಕೂ ಜಾಸ್ತಿ." ನನಗೆ ತಿಳಿಯಲಿಲ್ಲ. ಇನ್ನೊಮ್ಮೆ ವಿವರಿಸಲೆಂದು ಬಲಗಡೆಯ ಮಿರ್ಚಿಯನ್ನೂ ತಿಂದ. ಬಿಲ್ಲು ನಾನು ಕೊಟ್ಟೆ.

ಈ ಎಂಬತ್ತರ ಲೆಕ್ಕ ಬಿಡಿಸಿದ್ದು ಅವನ ತಾತ. ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದ ಮುದುಕ ತಲೆ ಎತ್ತದೆಯೇ ಹೇಳಿದರು: "ಎಕರೆಗೆ ನಲವತ್ತು ಚೀಲ ಭತ್ತ ಬಂತು ಅಂತ ತಿಳಕೋ. ಗೊಬ್ಬರ, ಆಳು, ಮಿಷನ್ನು, ಎಣ್ಣಿ, ಎಲ್ಲಾ ಸೇರಿ ಮೂವತ್ತು ಚೀಲ ಅದಕ್ಕೇ ಹೋಗ್ತೈತಿ. ಉಳಿಯೋದು ಹತ್ತು. ಬೆಳಿ ಅರ್ಧ ಬಂದ್ರ ಉಳಿಯೋದು ಐದೇನು? ಸಾಲ ಉಳೀತೈತಿ." ಕ್ಯಾಪ್ಟನ್ ಹೈಲೈಟರ್ ತೆಗೆದ. ವಿಮಾನವನ್ನು ನೆಟ್ಟಗೆ ತೇಲಿಸಲಿಕ್ಕೇ ಇಷ್ಟು ಶಕ್ತಿ ಅಂತ ಖರ್ಚಾಗುತ್ತದೆ. ಮೇಲೇರುವುದು ಖರ್ಚು ಕಳೆದು ಉಳಿದದ್ದರಲ್ಲಿ. ಎಂಟುನೂರು ಪುಟದ ಅವನ ಪುಸ್ತಕದಲ್ಲಿ ಇದಕ್ಕೆ ನಾಲ್ಕು ಗ್ರಾಫು ಇವೆ. ಎಲ್ಲವಕ್ಕೂ ಹಸಿರು ಬಳಿದಿದ್ದಾನೆ.

ಅಂದಿನಿಂದ ತಾತನೇ ಅವನ ಕೋಚಿಂಗ್ ಸೆಂಟರ್. ಕ್ರಿಟಿಕಲ್ ಎಂಜಿನ್ ಎಂಬ ಪಾಠವೊಂದಿದೆ. ಎರಡು ಎಂಜಿನ್ನಿನಲ್ಲಿ ಯಾವುದು ಕೆಟ್ಟರೆ ಹೆಚ್ಚು ಕೇಡೋ ಅದು. ಹಿಂದಿನಿಂದ ನೋಡಿದಾಗ ಎರಡೂ ಫ್ಯಾನುಗಳು ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗುತ್ತವೆ. ಮೂತಿ ಎತ್ತಿ ಹಾರುವಾಗ ಫ್ಯಾನಿನ ಕೆಳಗಿಳಿಯುವ ರೆಕ್ಕೆಯೇ ಹೆಚ್ಚು ಗಾಳಿ ಕಚ್ಚುತ್ತದೆ. ಹಾಗಾಗಿ ಬಲಗಡೆ ಎಂಜಿನ್ನಿನ ಎಳೆತ ವಿಮಾನದ ನಡುವಿನಿಂದ ದೂರಕ್ಕೆ ಸರಿಯುತ್ತದೆ, ಎಡಗಡೆಯದು ಹತ್ತಿರಕ್ಕೆ. ಎಡದ್ದು ಸತ್ತರೆ ದೂರದ ಬಲದ್ದು ವಿಮಾನವನ್ನು ಎಡಕ್ಕೆ ಗರಗರ ತಿರುಗಿಸಿಬಿಡುತ್ತದೆ. ಇಷ್ಟನ್ನು ಅವನು ಅರ್ಧ ಗಂಟೆ ಹೇಳಿದ.

ತಾತ ಅಡಿಕೆ ಬಾಯಿಗೆ ಹಾಕಿಕೊಂಡರು. "ನೊಗದಾಗ ನಡುವಿಂದ ದೂರ ನಿಂತ ಎತ್ತಿಗೆ ತಿರುಗಿಸೋ ಬಲ ಜಾಸ್ತಿ. ಅದಕ್ಕೇ ಬಡ ಎತ್ತಿನ ಕಡೆ ನೊಗ ಉದ್ದ ಬಿಡ್ತಿದ್ವಿ. ಇದಕ್ಕ ಇಂಗ್ಲಿಷ್ ಯಾಕ ಬೇಕಿತ್ತಲೇ?"

ಎಡ-ಬಲ ಫ್ಯಾನುಗಳು ಒಂದಕ್ಕೊಂದು ಎದುರು ತಿರುಗುವ ಸೆನೆಕಾದಂಥ ವಿಮಾನಗಳೂ ಇವೆ, ಅಲ್ಲಿ ಈ ತಕರಾರಿಲ್ಲ ಎಂದು ಕ್ಯಾಪ್ಟನ್ ಸೇರಿಸಿದ. "ಹಂಗಿದ್ರ ಅದನ್ನ ಓದು," ಅಂದರು ತಾತ.

ಕೆಟ್ಟ ಎಂಜಿನ್ನಿನ ಫ್ಯಾನಿನ ರೆಕ್ಕೆಗಳನ್ನು ಗಾಳಿಗೆ ಅಡ್ಡ ಬರದಂತೆ ಅಂಚು ತಿರುಗಿಸಿ ಇಡುವುದಕ್ಕೆ ಫೆದರ್ ಮಾಡುವುದು ಅನ್ನುತ್ತಾರೆ. ಅವರವ್ವ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದರು. ಇವನು ಮೊರ ಕಸಿದುಕೊಂಡು ಗಾಳಿಗೆ ಒಮ್ಮೆ ಅಡ್ಡ, ಒಮ್ಮೆ ಅಂಚು ಹಿಡಿದು ತೋರಿಸಿದ. ಪಾಠ ಚೆನ್ನಾಗಿತ್ತು, ಅಕ್ಕಿ ಅಂಗಳದ ತುಂಬ ಆಯಿತು. ಅವ್ವ ಅದೇ ಮೊರದಲ್ಲಿ ಬೆನ್ನಿಗೊಂದು ಕೊಟ್ಟರು. ಅಡ್ಡಲಾಗಿಯೇ.

ಅವನಿಗೆ ಊರಲ್ಲಿ ನಿಜವಾಗಿ ಬೆಲೆ ಬಂದದ್ದು 2024ರ ಆಗಸ್ಟಿನಲ್ಲಿ. ಹತ್ತನೇ ತಾರೀಖಿನ ರಾತ್ರಿ ಹೊಸಪೇಟೆ ಡ್ಯಾಮಿನ ಹತ್ತೊಂಬತ್ತನೇ ಕ್ರೆಸ್ಟ್ ಗೇಟು ಚೈನ್ ಕಡಿದು ಕೊಚ್ಚಿಹೋಯಿತು. ಬೆಳಗಾದರೆ ಊರೆಲ್ಲ ಚಹಾ ಅಂಗಡಿಯ ಮುಂದೆ, ಮುಖದಲ್ಲಿ ರಕ್ತವಿಲ್ಲ. ಕ್ಯಾಪ್ಟನ್ ಬೆಂಚು ಹತ್ತಿದ. "33 ಗೇಟಲ್ಲಿ ಒಂದು ಹೋಗೈತಿ. ಹೋಗಿದ್ದು 33ರಲ್ಲಿ ಒಂದು ಪಾಲು ಅಂತ ತಿಳೀಬ್ಯಾಡ್ರಿ!" ಯಾರೂ ಹಾಗೆ ತಿಳಿದಿರಲಿಲ್ಲ. ಆ ಒಂದಕ್ಕಾಗಿ ಉಳಿದ ಗೇಟುಗಳನ್ನೂ ಎತ್ತಿ ನೀರು ಇಳಿಸಿದರು, ವಾರದೊಳಗೆ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಕೂರಿಸಿದರು. ಆ ವಾರವೆಲ್ಲ ನಮ್ಮೂರಲ್ಲಿ ಅವನ ಮಾತನ್ನು ಯಾರೂ ನಡುವೆ ಕಡಿಯಲಿಲ್ಲ. ಪೇಪರ್ ಏನಾಯ್ತು ಎಂದೂ ಕೇಳಲಿಲ್ಲ.

ಮಾನ ಹೋದದ್ದು ಮುಂದಿನ ನಾಟಿಯಲ್ಲಿ. ವಿಮಾನದಲ್ಲಿ ಎರಡು ಕಾಲಿಗೆ ಎರಡು ರಡ್ಡರ್ ಪೆಡಲು. ಎಂಜಿನ್ ಕೆಟ್ಟಾಗ ನೆಟ್ಟಗೆ ಹೋಗಲು ಒಂದು ಕಾಲು ಒತ್ತಿಹಿಡಿಯಬೇಕು. ಕೆಲಸವಿಲ್ಲದೆ ಸುಮ್ಮನಿರುವ ಕಾಲು ಯಾವ ಕಡೆಯದೋ ಸತ್ತ ಎಂಜಿನ್ ಆ ಕಡೆಯದು. ಟ್ರ್ಯಾಕ್ಟರಿಗೂ ಎಡಚಕ್ರಕ್ಕೊಂದು ಬಲಚಕ್ರಕ್ಕೊಂದು ಬ್ರೇಕ್ ಇರುತ್ತದಲ್ಲ, ಪ್ರಾಕ್ಟೀಸಿಗೆ ಒಳ್ಳೆಯದು ಎಂದು ಕೇಜ್‌ವೀಲ್ ಹಾಕಿದ ಟ್ರ್ಯಾಕ್ಟರ್ ಹತ್ತಿ ಕೆಸರುಗದ್ದೆಗೆ ಇಳಿಸಿದ. ಮರೆತದ್ದು ಒಂದೇ: ಆ ಎರಡು ಬ್ರೇಕೂ ಇರುವುದು ಬಲಗಾಲಿಗೆ, ಎಡಗಾಲಿಗಿರುವುದು ಕ್ಲಚ್. ಬದುವಿನ ಹತ್ತಿರ ಎಡಕ್ಕೆ ತಿರುಗಿಸಲು ಎಡಗಾಲು ಒತ್ತಿದ. ಟ್ರ್ಯಾಕ್ಟರ್ ನಿಂತಿತು. ಗಾಬರಿಯಲ್ಲಿ ಕಾಲು ಬಿಟ್ಟು ಆಕ್ಸಿಲರೇಟರ್ ಕೊಟ್ಟ. ಚಕ್ರ ನಿಂತಲ್ಲೇ ತಿರುಗಿ ತಿರುಗಿ ಟ್ರ್ಯಾಕ್ಟರ್ ಹೊಟ್ಟೆಮಟ್ಟ ಹೂತುಹೋಯಿತು. ಪಕ್ಕದ ಗದ್ದೆಯವರ ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿ ಎಳೆಸಬೇಕಾಯಿತು. ಅವನ ಕೈಯಲ್ಲಿ ಎರಡು ಎಂಜಿನ್ ಒಟ್ಟಿಗೆ ಓಡಿದ್ದು ಇದುವರೆಗೆ ಅಂದೊಂದೇ ದಿನ.

ಮೊನ್ನೆ ಔಷಧಿ ಹೊಡೆಯಲು ಡ್ರೋನ್ ಕರೆಸಿದ್ದರು. ಬೈಕಿನ ಹಿಂದೆ ಕಟ್ಟಿಕೊಂಡು ಬಂದವನು ಮೀಸೆ ಈಗಷ್ಟೇ ಮೂಡುತ್ತಿದ್ದ ಹುಡುಗ, ಓದಿದ್ದು ಎಸ್ಸೆಸ್ಸೆಲ್ಸಿ. ಡ್ರೋನಿಗೆ ಆರು ಮೋಟರು. ಕ್ಯಾಪ್ಟನ್ ಎರಡು ಸಲ ಎಣಿಸಿದ.

"ಲೈಸೆನ್ಸ್ ಐತಾ?" ಎಂದು ಕೇಳಿದ. ಹುಡುಗ ಮೊಬೈಲಿನಲ್ಲಿ ತೋರಿಸಿದ. ರಿಮೋಟ್ ಪೈಲಟ್ ಸರ್ಟಿಫಿಕೇಟ್. ಕ್ಯಾಪ್ಟನ್ ಲೈಸೆನ್ಸಿಗೆ ಕಾಯುತ್ತಿರುವ ಅದೇ ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಮಾನ್ಯತೆ ಇದ್ದದ್ದು. ಟ್ರೈನಿಂಗ್ ಒಂದು ವಾರದೊಳಗೆ ಮುಗಿದಿತ್ತಂತೆ.

"ಇದ್ರಲ್ಲಿ ಕ್ರಿಟಿಕಲ್ ಯಾವ್ದು?"

"ಬ್ಯಾಟ್ರಿ ಅಣ್ಣಾ."

ಕ್ಯಾಪ್ಟನ್ ಇನ್ನೇನೋ ಕೇಳುವವನಿದ್ದ. ಬದುವಿನ ಮೇಲಿಂದ ತಾತ ಕೂಗಿದರು, "ಮಾತು ಆಮೇಲೆ, ಆ ಕೊಡದಾಗ ನೀರು ತಗೊಂಡು ಬಾ. ಪೈಲಟ್ ಕಾಯ್ತಾ ಐದಾನ." ಕೊಡ ಹಿಡಿದು ಕಾಲುವೆಗೆ ಇಳಿದ ಕ್ಯಾಪ್ಟನ್ನನ್ನು ನೋಡಿ ಹುಡುಗ ಮರ್ಯಾದೆಗೆಂದು ಕೇಳಿದ, "ಅಣ್ಣ ಏನು ಮಾಡ್ಕೊಂಡಿದ್ದಾರ ತಾತಾ?"

"ಒಂದೇ ಪೇಪರ್ ಬಾಕಿ ಐತಿ," ಅಂದರು ತಾತ.