ಸ್ರಾವಲಕ್ಷಣ ನಿರ್ಣಯ

ಚಿನ್ನದ ಅದಿರನ್ನು ಕುಟ್ಟಿ, ಅರೆದು, ತೊಳೆದು ಹೊಟ್ಟೆ ಹೊರೆಯುವ ಸಣ್ಣ ಕೆಲಸಗಾರರು ಘಾನಾ, ಪೆರು, ಇಂಡೋನೇಷ್ಯಾ ಸೇರಿ 70ಕ್ಕೂ ಹೆಚ್ಚು ದೇಶಗಳಲ್ಲಿದ್ದಾರೆ. ಅವರ ಕೈಯಿಂದ ಚೆಲ್ಲಿಹೋಗುವ ದ್ರವ್ಯಗಳ ಬಗ್ಗೆ ಕೈಪಿಡಿಗಳಿವೆ, ಶಾಸ್ತ್ರವಿಲ್ಲ. ಆ ಕೊರತೆ ನೀಗಲೆಂದು ಈ ನಿರ್ಣಯ.

ಪೂರ್ವಪಕ್ಷದವರು ಡಬ್ಬದ ಮೇಲಿನ ಚೀಟಿ ಓದಿ ವರ್ಗ ಮಾಡುತ್ತಾರೆ: ಇದು ಪಾದರಸ, ಇದು ಸೈನೈಡ್, ಇದು ಆಮ್ಲ. ನೈಟ್ರಿಕ್ ಆಮ್ಲ ಹಳೆಯ ತಂಪುಪಾನೀಯದ ಬಾಟಲಿಯಲ್ಲಿ ಕೂತಿರುವ ಕಡೆ ಈ ಮತಕ್ಕೆ ಒಂದೇ ಗುಟುಕಿನಲ್ಲಿ ಖಂಡನೆಯಾಗುತ್ತದೆ. ಆದ್ದರಿಂದ ಚೆಲ್ಲಿದ್ದು ಯಾರಿಗೆ ಹೇಗೆ ತಿಳಿಯಿತು ಎಂಬುದನ್ನೇ ಆಧಾರವಾಗಿಟ್ಟುಕೊಂಡು ಸ್ರಾವಗಳನ್ನು ದೃಷ್ಟ, ಘ್ರಾತ, ಅವ್ಯಕ್ತ, ಬುದ್ಧಿಪೂರ್ವಕ ಎಂದು ನಾಲ್ಕಾಗಿ ವಿಂಗಡಿಸುವುದು ನಮ್ಮ ಸಿದ್ಧಾಂತ.

ದೃಷ್ಟಸ್ರಾವಕ್ಕೆ ನೆಲದ ಮೇಲೆ ಉರುಳುವ ಪಾದರಸವೇ ಉದಾಹರಣೆ. ನೀರಿಗಿಂತ 13.6 ಪಟ್ಟು ಭಾರವಾದ ಇದು ಬಿರುಕು ಹುಡುಕುವುದರಲ್ಲಿ ನಿಷ್ಣಾತ. ಇಲ್ಲಿ ಎರಡು ಪಂಥಗಳಿವೆ. ಪೊರಕೆ ಪಂಥದವರು ಒಂದು ಗುಂಡನ್ನು ನೂರು ಮಾಡುತ್ತಾರೆ. ಗುಂಡು ಸಣ್ಣದಾದಷ್ಟೂ ಆವಿ ಹೆಚ್ಚು. ಗಂಧಕ ಪಂಥದವರು ದಪ್ಪ ಕಾಗದದ ಅಂಚಿನಿಂದ ಗುಂಡುಗಳನ್ನು ಒಟ್ಟುಗೂಡಿಸಿ ಎತ್ತಿ, ಸಂದಿಯಲ್ಲಿ ಉಳಿದದ್ದರ ಮೇಲೆ ಗಂಧಕದ ಪುಡಿ ಉದುರಿಸುತ್ತಾರೆ. ಇದೇ ಪಾದರಸ, ಗಂಧಕಗಳನ್ನು ಖಲ್ವದಲ್ಲಿ ಅರೆದು ಕಜ್ಜಲಿ ಮಾಡುವ ನಮ್ಮ ರಸವೈದ್ಯರಿಗೆ ಇದರಲ್ಲಿ ಹೊಸತೇನೂ ಕಾಣದು. ಆದರೆ ಅವರು ಗಂಟೆಗಟ್ಟಲೆ ಅರೆಯುತ್ತಾರೆ, ನೆಲವನ್ನು ಯಾರೂ ಅರೆಯುವುದಿಲ್ಲ. ಅಂಚಿರುವ ತಟ್ಟೆಯ ಮೇಲೆಯೇ ಕೆಲಸ ಮಾಡಿದರೆ ಎರಡು ಪಂಥಗಳಿಗೂ ಉದ್ಯೋಗವಿರದು.

ಘ್ರಾತಸ್ರಾವವೆಂದರೆ ಸೈನೈಡ್. ಸುಣ್ಣ ಹಾಕಿ ದ್ರಾವಣದ ಪಿಎಚ್ ಅನ್ನು 10.5ರ ಆಸುಪಾಸಿನಲ್ಲಿ ಹಿಡಿದಿಟ್ಟರೆ ಅದು ನೀರಲ್ಲೇ ಇರುತ್ತದೆ. ಪಿಎಚ್ ಇಳಿದರೆ ಹೈಡ್ರೋಜನ್ ಸೈನೈಡ್ ಆಗಿ ಏಳುತ್ತದೆ. ಅದರ ಕುದಿಬಿಂದು ಸುಮಾರು 26 ಡಿಗ್ರಿ. ಸೈನೈಡಿನಿಂದ ಚಿನ್ನ ತೆಗೆಯುವ ಹಟ್ಟಿ ಇರುವ ರಾಯಚೂರು ಸೀಮೆಯಲ್ಲಾದರೆ ಒಲೆಯೇ ಬೇಡ, ಬೇಸಿಗೆ ಸಾಕು. ಕಹಿ ಬಾದಾಮಿಯ ವಾಸನೆಯೇ ಇದರ ಲಕ್ಷಣವೆಂದು ಗ್ರಂಥಗಳು ಹೇಳುತ್ತವೆ. ಆದರೆ ಕೆಲವರ ಮೂಗಿಗೆ ಹುಟ್ಟಿನಿಂದಲೇ ಆ ವಾಸನೆ ತಿಳಿಯುವುದಿಲ್ಲ. ಹೀಗಾಗಿ ನಮ್ಮ ಲಕ್ಷಣಕ್ಕೆ ಅವ್ಯಾಪ್ತಿದೋಷ ತಗಲುತ್ತದೆಂದು ತಾರ್ಕಿಕರು ಆಕ್ಷೇಪಿಸುವುದು ನ್ಯಾಯವೇ. ಆಮ್ಲದ ಬಗ್ಗೆ ಒಂದೇ ಮಾತು: ಸೈನೈಡಿನ ಕಪಾಟಿನಲ್ಲಿ ಅದಕ್ಕೆ ಜಾಗವಿಲ್ಲ.

ಅವ್ಯಕ್ತಸ್ರಾವದ ವಿಷಯ ದೊಡ್ಡದು. ಪಾದರಸ ಹಿಡಿದ ಚಿನ್ನವನ್ನು ಬಟ್ಟೆಯಲ್ಲಿ ಹಿಂಡಿದ ಮೇಲೂ ಮುದ್ದೆಯಲ್ಲಿ ಸುಮಾರು ಅರ್ಧ ಪಾದರಸವೇ. ಅದನ್ನು ಬಾಣಲೆಯಲ್ಲಿಟ್ಟು, ಎಷ್ಟೋ ಮನೆಗಳಲ್ಲಿ ಅಡುಗೆಯ ಒಲೆಯ ಮೇಲೆಯೇ, ಸುಡುತ್ತಾರೆ. 357 ಡಿಗ್ರಿಗೆ ಪಾದರಸ ಕುದಿದು ಮಾಡಿಗೆ, ಬಟ್ಟೆಗೆ, ಮಗುವಿನ ಉಸಿರಿಗೆ ಸೇರುತ್ತದೆ. ಒಂದು ಹನಿಯೂ ನೆಲಕ್ಕೆ ಬೀಳಲಿಲ್ಲವೆಂದು ಮನೆಯ ಯಜಮಾನ ಸಂತೋಷಪಡುತ್ತಾನೆ. ಮನುಷ್ಯರು ಗಾಳಿಗೆ ಬಿಡುವ ಪಾದರಸದಲ್ಲಿ ನೂರಕ್ಕೆ ಸುಮಾರು 38 ಪಾಲು ಈ ಸಣ್ಣ ಚಿನ್ನದ ಕೆಲಸದ್ದೇ ಎಂದು ವಿಶ್ವಸಂಸ್ಥೆಯ 2018ರ ಲೆಕ್ಕ. ಮುಚ್ಚಳಕ್ಕೆ ಕೊಳವೆ ಸೇರಿಸಿ, ಆವಿಯನ್ನು ತಣ್ಣಗೆ ಮಾಡಿ ಹಿಡಿಯುವ ಬಟ್ಟಿಪಾತ್ರೆ ಇದ್ದರೆ ಹೆಚ್ಚಿನ ಪಾದರಸ ವಾಪಸ್ಸು ಸಿಗುತ್ತದೆ. ದುಡ್ಡು ಕೊಟ್ಟು ಕೊಂಡದ್ದಲ್ಲವೇ?

ಇದಕ್ಕಿಂತ ಸೂಕ್ಷ್ಮವಾದ ಉಪಭೇದವೂ ಉಂಟು. 2010ರಲ್ಲಿ ನೈಜೀರಿಯಾದ ಜಾಮ್‌ಫಾರಾದಲ್ಲಿ ಹಿಟ್ಟಿನ ಗಿರಣಿಗಳಲ್ಲಿ ಚಿನ್ನದ ಅದಿರು ಅರೆದರು. ಅದಿರಿನೊಳಗೆ ಸೀಸವಿತ್ತು. ಧೂಳು ಅಂಗಳಕ್ಕೆ ಹರಡಿ 400ಕ್ಕೂ ಹೆಚ್ಚು ಮಕ್ಕಳು ಸತ್ತರು. ಅಲ್ಲಿ ಯಾವ ಡಬ್ಬವೂ ಉರುಳಿರಲಿಲ್ಲ. ಈ ಜಾಗದಲ್ಲಿ ಶಾಸ್ತ್ರಕಾರನಿಗೆ ತಮಾಷೆ ಹೊಳೆಯುವುದಿಲ್ಲ.

ಕೊನೆಯದು ಬುದ್ಧಿಪೂರ್ವಕ. ಇಡೀ ಅದಿರಿನ ಜೊತೆಗೇ ಪಾದರಸವನ್ನು ಗಿರಣಿಗೆ ಸುರಿಯುವುದು. ಅದರಲ್ಲಿ ಬಹುಪಾಲು ಕೆಸರಿನೊಡನೆ ಹಳ್ಳಕ್ಕೆ. ಆ ಕೆಸರನ್ನು ಇನ್ನೊಬ್ಬ ಕೊಂಡು ಸೈನೈಡಿನಲ್ಲಿ ನೆನೆಸಿದರೆ ಪಾದರಸವೂ ಕರಗಿ ನೀರಿನ ಜೊತೆ ಹೊರಡುತ್ತದೆ. ಪಾದರಸದ ಕುರಿತು 2017ರಲ್ಲಿ ಜಾರಿಗೆ ಬಂದ ಮಿನಮಾಟಾ ಒಪ್ಪಂದ ನಿಲ್ಲಿಸಬೇಕೆಂದ ಕೆಟ್ಟ ಪದ್ಧತಿಗಳು ನಾಲ್ಕು: ಇಡೀ ಅದಿರಿಗೆ ಪಾದರಸ ಹಾಕುವುದು, ಮುದ್ದೆಯನ್ನು ಬಯಲಲ್ಲಿ ಸುಡುವುದು, ಜನವಸತಿಯ ನಡುವೆ ಸುಡುವುದು, ಪಾದರಸ ತೆಗೆಯದ ಕೆಸರಿಗೆ ಸೈನೈಡ್ ಹಾಕುವುದು. ನಾಲ್ಕರಲ್ಲಿ ಒಂದಕ್ಕೂ ಕೈ ಜಾರಬೇಕಾಗಿಲ್ಲ. ಕೈ ಜಾರಿದ್ದಕ್ಕೆ ಮರಳಿನ ಬಕೆಟ್ಟು, ಕೈಗವಸು ಇಟ್ಟು ಗೋಡೆಗೆ ಫಲಕ ಹಚ್ಚುವ ಪೂರ್ವಪಕ್ಷದವರು ಇಲ್ಲಿ ಮೌನ.

ಇನ್ನು ಫಿಲಿಪೀನ್ಸಿನ ಬೆಂಗೆಟ್ ಕಡೆಯವರ ಪಾಷಂಡಮತ. ಅವರು ಮರಳನ್ನು ತೊಳೆತೊಳೆದು ಭಾರದ ಪುಡಿಯನ್ನಷ್ಟೇ ಉಳಿಸಿಕೊಂಡು, ನಮ್ಮ ಅಕ್ಕಸಾಲಿಗರ ಬಿಳಿಗಾರವನ್ನೇ ಸೇರಿಸಿ ಕರಗಿಸುತ್ತಾರೆ. ಕಿಟ್ಟ ಮೇಲೆ ನಿಂತು ಚಿನ್ನ ತಳಕ್ಕಿಳಿಯುತ್ತದೆ. ಪಾದರಸವನ್ನೇ ಕೊಳ್ಳದವನು ಅದನ್ನು ಚೆಲ್ಲುವುದಾದರೂ ಹೇಗೆ? ದೃಷ್ಟಸ್ರಾವ ಪೂರ್ತಿ, ಅವ್ಯಕ್ತದಲ್ಲಿ ಧೂಳೊಂದನ್ನು ಬಿಟ್ಟು ಉಳಿದದ್ದು ಹೀಗೆ ಉದಾಹರಣೆಯಿಲ್ಲದೆ ಒಣಗುತ್ತವೆ. ಶಾಸ್ತ್ರಕಾರರ ಹೊಟ್ಟೆಯ ಮೇಲೆ ಹೊಡೆಯುವ ಈ ಮತವನ್ನು ಖಂಡಿಸಲು ಯುಕ್ತಿ ಇನ್ನೂ ಸಿಕ್ಕಿಲ್ಲ.