ಹೊಲಿಗೆ ಇಲಾಖೆಯಲ್ಲಿ ನನ್ನ ಸೇವಾವಧಿ

ನಮ್ಮ ಮನೆಯ ಹೊಲಿಗೆ ಇಲಾಖೆಗೆ ನೇರ ನೇಮಕಾತಿ ಇರಲಿಲ್ಲ. ಯಾರೇ ಆಗಲಿ ಕೆಳಗಿನ ಹುದ್ದೆಗೆ ಸೇರಿ, ಸೇವಾ ಹಿರಿತನದ ಮೇಲೆ ಮೇಲಕ್ಕೆ ಬರಬೇಕಿತ್ತು. ಇಲಾಖೆಯ ಮುಖ್ಯಸ್ಥೆ ಅಪ್ಪನ ತಾಯಿ, ನಮ್ಮ ಆಯಿ. ಕೌದಿ ಮತ್ತು ಕಸೂತಿ ಎರಡೂ ಖಾತೆಗಳು ಆಕೆಯ ಕೈಯಲ್ಲಿ. ಮಿಷನ್ ಖಾತೆ ಅವ್ವನದು. ಹೆಮ್ಮಿಂಗ್, ಹುಕ್ಸು, ಗುಂಡಿ, ಕಾಜಾ ಇವೆಲ್ಲ ಅಕ್ಕನ ಪಾಲು. ಅಪ್ಪನದು ಲೆಕ್ಕಪರಿಶೋಧನೆ, ಮೊನ್ನೆ ತಂದ ದಾರದ ಉಂಡೆ ಇಷ್ಟು ಬೇಗ ಹೇಗೆ ಮುಗಿಯಿತು ಎಂದು ಆಕ್ಷೇಪಣೆ ಎತ್ತುವುದು, ಉತ್ತರ ಬರುವ ಮುಂಚೆ ಪೇಪರು ಓದಲು ಕೂಡುವುದು. ನಾನು ಸೇರಿದ್ದು ಡಿ ದರ್ಜೆಗೆ, ಸೂಜಿಗೆ ದಾರ ಪೋಣಿಸುವವನಾಗಿ.

ಈ ಹುದ್ದೆಗೆ ಬೇಕಾದ ಅರ್ಹತೆ ಒಂದೇ, ಕಣ್ಣು. ಮಧ್ಯಾಹ್ನ ಊಟವಾಗಿ ಧಾರವಾಡವೆಲ್ಲ ಅಡ್ಡಾದ ಹೊತ್ತಿಗೆ ಆಯಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ನನ್ನನ್ನು ಕರೆಯುತ್ತಿದ್ದಳು.

"ತಮ್ಮಾ, ನಿನ್ನ ಕಣ್ಣ ಚಲೋ ಅದಾವು. ಇದೊಂದ ಸೂಜಿ ಪೋಣಿಸಿ ಕೊಟ್ಟ ಹೋಗಪಾ."

ಇದೊಂದು ಎಂದದ್ದು ಎಂದೂ ಒಂದಕ್ಕೆ ನಿಂತದ್ದಿಲ್ಲ. ನಾನು ಕ್ರಿಕೆಟ್ಟಿನಲ್ಲಿ ಬ್ಯಾಟಿಂಗಿಗೆ ನಿಂತಾಗಲೇ ಆಕೆಯ ದಾರ ಮುಗಿಯುತ್ತಿತ್ತು. ಇದಕ್ಕೆ ನಾನು ಕಂಡುಕೊಂಡ ಪರಿಹಾರ ಉದ್ದನೆಯ ದಾರ. ಎರಡೂ ಕೈ ಅಗಲಿಸಿ ಮಾರುದ್ದ ಅಳೆದು, ತುದಿಗೆ ಉಗುಳು ಹಚ್ಚಿ ಚೂಪು ಮಾಡಿ ಪೋಣಿಸಿಟ್ಟು ಓಡಿಹೋದೆ. ಅಷ್ಟುದ್ದದ ದಾರ ನಾಲ್ಕು ಸಲ ಎಳೆಯುವುದರೊಳಗೆ ತನಗೆ ತಾನೇ ಸುತ್ತಿಕೊಂಡು ಗಂಟಾಗುತ್ತದೆ. ಸಂಜೆ ಆಯಿ ತೀರ್ಪು ಕೊಟ್ಟಳು: "ಮಾರುದ್ದ ದಾರ ಹಾಕಾವಗ ಹೊಲ್ಯಾಕ ಬರಂಗಿಲ್ಲ, ಆಟಕ್ಕ ಓಡಾಕಷ್ಟ ಬರತೈತಿ." ಮೊಳದುದ್ದದ ದಾರವೇ ನಿಯಮ ಎಂದು ಸುತ್ತೋಲೆ ಹೊರಟಿತು. ಸೂಜಿಯ ಬಗ್ಗೆ ಇನ್ನೂ ಹಲವು ಸುತ್ತೋಲೆಗಳಿದ್ದವು. ದೀಪ ಹಚ್ಚುವ ಹೊತ್ತಿಗೆ ಸೂಜಿ ಹಿಡಿಯಬಾರದು. ಕೈಯಿಂದ ಕೈಗೆ ಸೂಜಿ ಕೊಡಬಾರದು, ನೆಲಕ್ಕಿಟ್ಟು ಕೊಡಬೇಕು. ಮೈಮೇಲಿದ್ದಾಗ ಅಂಗಿ ಹೊಲಿಯಬಾರದು. ಮೊದಲೆರಡಕ್ಕೆ ಕಾರಣ ಕೇಳಿದರೆ ಕೆಂಡದಂಥ ನೋಟವೇ ಉತ್ತರ. ಮೂರನೆಯದಕ್ಕೆ ಕಾರಣ ನನ್ನ ಹೊಟ್ಟೆಯ ಮೇಲೆ ಅಕ್ಕ ಗುಂಡಿ ಹಚ್ಚಲು ಹೋದ ದಿನ ತಾನೇ ಚುಚ್ಚಿ ತಿಳಿಯಿತು.

ಬೇಸಿಗೆಗೆ ಕೌದಿಯ ಕೆಲಸ ಶುರುವಾದಾಗ ನನಗೆ ಬಡ್ತಿ ಸಿಕ್ಕಿತು. ಹಳೆಯ ಸೀರೆ, ಧೋತರ, ಅಂಗಿ, ಜಂಪರುಗಳನ್ನು ಪದರ ಪದರವಾಗಿ ಹಾಸಿ ಹೊಲಿದರೆ ಕೌದಿ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕೌದಿಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ತಂದು ಮುಗಿಸುತ್ತಾರೆ, ನಾಲ್ಕು ಮೂಲೆಗೆ ಬಣ್ಣದ ತುಂಡುಗಳ ಹೂವು ಹಚ್ಚುತ್ತಾರೆ. ಆಯಿಗೆ ಅಂಥ ಅಲಂಕಾರದ ಚಿಂತೆ ಇರಲಿಲ್ಲ. ಆಕೆಯ ತಕರಾರು ಒಳಗಿನ ಹೊಲಿಗೆಗಳ ಬಗ್ಗೆ. ಅಪ್ಪನ ಅಂಗಿಯ ಕಾಲರನ್ನು ಬಿಚ್ಚದೆ ಒಳಪದರಕ್ಕೆ ಹಾಕಿದರೆ, ಆ ಕೌದಿಯ ಮೇಲೆ ಮಲಗಿದವರು ರಾತ್ರಿಯೆಲ್ಲ ಅಪ್ಪನ ಕಾಲರನ್ನು ಬೆನ್ನಿಗೆ ಒತ್ತಿಸಿಕೊಂಡು ಬೆಳಗು ಮಾಡಬೇಕು. ಆದ್ದರಿಂದ ಒಂದೂ ಮಡಿಕೆ ಉಳಿಯದಂತೆ ಎಲ್ಲ ಬಿಚ್ಚಿ ಚಪ್ಪಟೆ ಮಾಡುವವನೊಬ್ಬ ಬೇಕಾಗಿತ್ತು. ಅಪ್ಪ ಗಡ್ಡ ಕೆರೆದು ಬಿಸಾಕಿದ ಬ್ಲೇಡಿನ ಅರ್ಧ ತುಂಡು ನನ್ನ ಅಧಿಕೃತ ಆಯುಧವಾಯಿತು. ಬಿಚ್ಚಿದ ಗುಂಡಿಗಳು ಬಿಸ್ಕೀಟಿನ ಡಬ್ಬಿಗೆ, ಅರಿವೆ ಆಯಿಯ ಪದರಿಗೆ.

ಹೊಲಿಯುವುದನ್ನು ಕಲಿಸಿ ಎಂದು ಕೇಳಿದ್ದು ಆಗ. ಶಾಲೆಯಲ್ಲಿ ಆ ದಾರಿ ಮುಚ್ಚಿತ್ತು; ಹೊಲಿಗೆಯ ಪೀರಿಯಡ್ಡಿನಲ್ಲಿ ಹುಡುಗಿಯರಿಗೆ ಕರವಸ್ತ್ರ, ಹುಡುಗರಿಗೆ ಗಿಡಕ್ಕೆ ನೀರು. ಮನೆಯಲ್ಲಿ ಆಯಿ ಒಪ್ಪಿದಳು. ಅಕ್ಕ ಅರ್ಧಕ್ಕೆ ಕೈಬಿಟ್ಟ ಕಸೂತಿಗೆ ಉತ್ತರಾಧಿಕಾರಿ ಬೇಕಾಗಿದ್ದ.

ಕಸೂತಿಗೆ ನಾಲ್ಕು ಬಗೆಯ ಹೊಲಿಗೆ: ಗವಂತಿ, ಮುರಗಿ, ನೇಗಿ, ಮೆಂತೆ. ಅರಿವೆಯ ಮೇಲೆ ಪೆನ್ಸಿಲ್ಲಿನಿಂದ ಚಿತ್ರ ಬರೆದುಕೊಳ್ಳುವಂತಿಲ್ಲ, ನೇಯ್ಗೆಯ ಎಳೆಗಳನ್ನು ಎಣಿಸಿ ಎಣಿಸಿ ಸೂಜಿ ಚುಚ್ಚಬೇಕು. ಗಂಟು ಹಾಕುವಂತಿಲ್ಲ. ಗವಂತಿಯಲ್ಲಂತೂ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಯುತ್ತ ಹೋಗಿ, ಬರುವಾಗ ಬಿಟ್ಟ ಜಾಗ ತುಂಬುತ್ತ ಬರಬೇಕು. ಹಾಗೆ ಮಾಡಿದರೆ ಅರಿವೆಯ ಮುಂದೆಯೂ ಹಿಂದೆಯೂ ಚಿತ್ರ ಒಂದೇ ರೀತಿ ಕಾಣುತ್ತದೆ. ಆಯಿಯ ಚಂದ್ರಕಾಳಿ ಸೀರೆಯ ಕಪ್ಪು ಒಡಲಲ್ಲಿ ಗೋಪುರ, ತೇರು, ತುಳಸಿ ಕಟ್ಟೆ, ನವಿಲು ಎಲ್ಲ ಹೀಗೆ ಎಣಿಕೆಯ ಮೇಲೆ ಎದ್ದು ನಿಂತಿದ್ದವು. ಗಣಿತದಲ್ಲಿ ನನ್ನ ಸ್ಥಿತಿ ಮಾಸ್ತರರಿಗೆ ಗೊತ್ತಿತ್ತು, ಆಯಿಗೆ ಗೊತ್ತಿರಲಿಲ್ಲ.

ನಾನು ಆರಿಸಿಕೊಂಡದ್ದು ಆನೆ. ಸೊಂಡಿಲಿನ ಹತ್ತಿರ ಎಣಿಕೆ ತಪ್ಪಿತು. ಬಾಲದ ಕಡೆಯಿಂದ ಸರಿದೂಗಿಸಲು ಹೋಗಿ ಕಾಲು ಐದಾದವು. ಆದರೂ ಗವಂತಿಯ ಮೂಲನಿಯಮವನ್ನು ನಾನು ಬಿಟ್ಟುಕೊಡಲಿಲ್ಲ. ಮುಂದಿನಿಂದ ನೋಡಿದರೂ ಅದು ಆನೆಯಾಗಿ ಕಾಣುತ್ತಿರಲಿಲ್ಲ, ಹಿಂದಿನಿಂದ ನೋಡಿದರೂ ಕಾಣುತ್ತಿರಲಿಲ್ಲ. ಆಯಿ ಕನ್ನಡಕ ಏರಿಸಿ, ಅರಿವೆಯನ್ನು ಎರಡೂ ಮಗ್ಗಲು ತಿರುವಿ ನೋಡಿದಳು.

"ಯಾವ ಊರಾಗ ನೋಡಿದ್ಯೋ ಈ ಪ್ರಾಣಿನ?"

"ಆನಿ ಅದು, ಆಯೀ."

"ಹೌದಾ? ಪಾಪ, ಬಿಚ್ಚಿ ಬಿಡು. ಹೋಗ್ಲಿ ಕಾಡಿಗೆ."

ಬಿಚ್ಚಿದೆ. ಮತ್ತೆ ಹೊಲಿದೆ, ಮತ್ತೆ ಬಿಚ್ಚಿದೆ. ಆ ಬೇಸಿಗೆಯ ಕೊನೆಗೆ ನನ್ನ ಕೈಗೆ ಆನೆ ಬಂದಿರಲಿಲ್ಲ. ಆದರೆ ಅರಿವೆಯ ಎಳೆಗೆ ನೋವಾಗದಂತೆ ದಾರ ತೆಗೆಯುವ ಕಲೆ ಪೂರ್ತಿ ಬಂದಿತ್ತು.

ಅಲ್ಲಿಂದ ನನ್ನನ್ನು ಮಿಷನ್ ಖಾತೆಗೆ ಎರವಲು ಸೇವೆಯ ಮೇಲೆ ಕಳಿಸಲಾಯಿತು. ಯಂತ್ರಗಳ ಹುಚ್ಚನ್ನು ಕಂಡರಾಗದ ಗಾಂಧೀಜಿ ಕೂಡ ಸಿಂಗರ್ ಹೊಲಿಗೆ ಮಿಷನ್ನಿಗೆ ವಿನಾಯಿತಿ ಕೊಟ್ಟಿದ್ದರು. ಹೆಂಡತಿ ಕೈಯಲ್ಲಿ ಹೊಲಿಯುವ ಕಷ್ಟ ನೋಡಲಾಗದೆ ಸಿಂಗರ್ ಪ್ರೀತಿಯಿಂದ ಇದನ್ನು ಮಾಡಿದ ಎಂಬುದು ಅವರ ನಂಬಿಕೆ. 1851ರಲ್ಲಿ ಪೇಟೆಂಟ್ ಪಡೆದ ಆ ಮಹಾಶಯನಿಗೆ ಹಲವು ಸಂಸಾರಗಳೂ ಇಪ್ಪತ್ತು ಮೀರಿದ ಮಕ್ಕಳೂ ಇದ್ದುದರಿಂದ, ಯಾವ ಮನೆಯ ಕಷ್ಟ ನೋಡಿ ಕರಗಿದನೆಂದು ಹೇಳುವುದು ಕಷ್ಟ. ಅಷ್ಟು ಮಕ್ಕಳಿಗೆ ಅಂಗಿ ಹೊಲಿಯಲು ಮಿಷನ್ ಬೇಕಾದದ್ದು ಮಾತ್ರ ಸಹಜ.

ಅವ್ವನದು ಕಾಲಿನ ಮಿಷನ್. ಮೇಲಿನ ಗಾಲಿಯನ್ನು ಕೈಯಿಂದ ನಮ್ಮ ಕಡೆಗೆ ತಿರುಗಿಸಿ, ಆ ಓಟಕ್ಕೆ ಕಾಲು ಕೂಡಿಸಬೇಕು. ನನ್ನ ಕಾಲು ಒತ್ತಿದರೆ ಗಾಲಿ ಹಿಂದಕ್ಕೇ ತಿರುಗುತ್ತಿತ್ತು, ಪಟಕ್ಕನೆ ದಾರ ಹರಿಯುತ್ತಿತ್ತು. ಕೈಸೂಜಿಗೆ ಹಿಂತುದಿಯಲ್ಲಿ ಕಣ್ಣು, ಮಿಷನ್ ಸೂಜಿಗೆ ಚೂಪಾದ ತುದಿಯಲ್ಲೇ ಕಣ್ಣು. ಆ ಕಣ್ಣಿನಿಂದ ಮೇಲಿನ ದಾರ ಅರಿವೆಯ ಕೆಳಗಿಳಿದು, ಬಾಬಿನ್ನಿನ ದಾರವನ್ನು ತಬ್ಬಿಕೊಂಡು ಮೇಲೆ ಬರಬೇಕು. ನಾನು ಕೂತಾಗ ಮೇಲಿನ ದಾರ ಕೆಳಗೆ ಹೋಗುತ್ತಿತ್ತು, ಬರುತ್ತಿರಲಿಲ್ಲ. ಅರಿವೆ ಎತ್ತಿ ನೋಡಿದರೆ ಕೆಳಗೆ ದೊಡ್ಡದೊಂದು ಸಿಕ್ಕು. ಅವ್ವ ಎಣ್ಣೆ ಬಿಡುವ ಕೆಲಸವನ್ನಷ್ಟೇ ನನಗೆ ಉಳಿಸಿದಳು. ಮರುದಿನ ಅಪ್ಪನ ಬಿಳಿ ಪಾಯಿಜಾಮಾದ ಮೇಲೆ ಎಣ್ಣೆಯ ಕಲೆ ಬಿದ್ದು, ಅದನ್ನೂ ಕಿತ್ತುಕೊಂಡಳು.

ಆದರೆ ಈ ಸೋಲುಗಳಿಂದ ಒಂದು ಗುಟ್ಟು ಸಿಕ್ಕಿತು. ಮಿಷನ್ ಹೊಲಿಗೆಯಲ್ಲಿ ದಾರ ಎರಡು. ಆದ್ದರಿಂದ ಒಂದು ಮಗ್ಗಲಲ್ಲಿ ಮೂರು ನಾಲ್ಕು ಹೊಲಿಗೆಗೊಮ್ಮೆ ಬ್ಲೇಡು ತಾಗಿಸುತ್ತ ಹೋಗಿ, ಅರಿವೆ ತಿರುವಿ ಇನ್ನೊಂದು ಮಗ್ಗಲಿನ ದಾರ ಹಿಡಿದೆಳೆದರೆ ಅದು ಉದ್ದಕ್ಕೆ, ತುಂಡಾಗದೆ, ತಾನಾಗಿಯೇ ಬರುತ್ತದೆ. ಅಕ್ಕಿ ಚೀಲದ ಬಾಯಿಗೆ ಹಾಕುವುದು ಸರಪಳಿ ಹೊಲಿಗೆ; ಅಲ್ಲಿ ಸರಿಯಾದ ತುದಿ ಹುಡುಕಿ ಎಳೆದರೆ ಸರ್ರನೆ ಇಡೀ ಬಾಯಿ ಬಿಚ್ಚುತ್ತದೆ, ತಪ್ಪು ತುದಿ ಎಳೆದರೆ ಚೀಲ ಜಪ್ಪಯ್ಯ ಎಂದರೂ ಬಾಯಿ ಬಿಡುವುದಿಲ್ಲ. ಅಪ್ಪ ಈಳಿಗೆ ಹಿಡಿದು ಬೆವರು ಸುರಿಸುತ್ತಿದ್ದ ಚೀಲವನ್ನು ನಾನು ಒಂದೇ ಎಳೆತಕ್ಕೆ ಬಿಚ್ಚಿದ ದಿನ, ಲೆಕ್ಕಪರಿಶೋಧಕರು ಮೊದಲ ಬಾರಿ ನನ್ನನ್ನು ಗೌರವದಿಂದ ನೋಡಿದರು.

ಕೀರ್ತಿ ತಲೆಗೇರಿದ್ದು ಅಕ್ಕನ ಕುಬಸದ ಹೊತ್ತಿಗೆ. ಚೊಚ್ಚಲ ಬಸಿರು, ಹಸಿರು ಸೀರೆ, ಹಸಿರು ಬಳೆ, ಗುಳೇದಗುಡ್ಡದ ಹಸಿರು ಖಣದ ಜಂಪರ. ಹಿಂದಿನ ದಿನ ಮನೆತುಂಬ ಬೀಗರು. ಅವ್ವ ಒಲೆಯ ಮುಂದಿನಿಂದಲೇ ಕೂಗಿದಳು: "ಟ್ರಂಕಿನ ಮ್ಯಾಲ ಹಸರ ಜಂಪರ ಐತಿ, ಬಿಚ್ಚಿಡೋ!"

ಬಿಚ್ಚಬೇಕಾಗಿದ್ದದ್ದು ಅವ್ವನ ಹಳೆಯ ಜಂಪರದ ಒಂದು ಮಗ್ಗಲು, ಸ್ವಲ್ಪ ಸಡಿಲ ಮಾಡಲು. ಟ್ರಂಕಿನ ಮೇಲೆ ಹಸಿರು ಜಂಪರ ಎರಡಿದ್ದವು. ನಾನು ಚೆಂದದ್ದನ್ನು ಎತ್ತಿಕೊಂಡೆ. ತೋಳು ಎರಡು, ಮುಂಭಾಗ ಎರಡು, ಬೆನ್ನು, ಪಟ್ಟಿ, ಒಂದರ ಮೇಲೊಂದು ಒಪ್ಪವಾಗಿ ಜೋಡಿಸಿದೆ. ಹುಕ್ಸುಗಳನ್ನು ಬೇರೆ ಚೀಟಿಯಲ್ಲಿ ಕಟ್ಟಿದೆ. ದಾರ ವ್ಯರ್ಥವಾಗಬಾರದೆಂದು ಉಂಡೆ ಸುತ್ತಿಟ್ಟೆ. ಕುಬಸದ ಮುನ್ನಾದಿನ ನಮ್ಮ ಮನೆಯಲ್ಲಿ ಕುಬಸವೊಂದನ್ನು ಬಿಟ್ಟು ಎಲ್ಲವೂ ಸಿದ್ಧವಾಗಿತ್ತು.

ಅವ್ವನ ಕೂಗಿಗೆ ಓಣಿ ಸೇರಿತು. ಅಕ್ಕ ಅತ್ತಳು. ಬೀಗರ ಕಡೆಯ ಹಿರಿಯರೊಬ್ಬರು ಇದು ಶಕುನವೋ ಅಪಶಕುನವೋ ಎಂದು ಲೆಕ್ಕ ಹಾಕತೊಡಗಿದಾಗ ಆಯಿ, "ಹೆರಿಗಿ ಸಲೀಸ ಆಕ್ಕೈತಿ ಬಿಡ್ರಿ, ಎಲ್ಲಾ ಸಡ್ಲ ಆಗೇತಿ" ಎಂದು ಬಾಯಿ ಮುಚ್ಚಿಸಿದಳು. ರಾತ್ರಿ ಟೇಲರ್ ಕಾಕಾನನ್ನು ಎಬ್ಬಿಸಿ ಕರೆತಂದರು. ಆತ ತುಂಡುಗಳನ್ನು ಒಂದೊಂದಾಗಿ ಬಲ್ಬಿನ ಕೆಳಗೆ ಹಿಡಿದು ನೋಡಿದ. ನಾನು ಆಯಿಯ ಬೆನ್ನಿನ ಹಿಂದಿದ್ದೆ.

"ಯಾರ ಬಿಚ್ಚಿದ್ದು ಇದನ್ನ?"

ಎಲ್ಲರ ಬೆರಳೂ ನನ್ನ ಕಡೆ.

"ಖಣದ ಒಂದ ಎಳಿ ಕಿತ್ತಿಲ್ಲಲ್ರೀ! ನನ್ನ ಅಂಗಡ್ಯಾಗಿನ ಹುಡುಗೂರು ಬಿಚ್ಚಿದ್ರ ಅರ್ಧಾ ಅರಬಿ ಹರದ ಬರತೈತಿ. ನಾಳಿಂದ ಕಳಸ್ರಿ ಇವನ್ನ."

ನನ್ನ ಅಂಕಪಟ್ಟಿಗಳಿಗೆ ಸಹಿ ಹಾಕಿ ಬಲ್ಲ ಅಪ್ಪ ಈ ಆಹ್ವಾನವನ್ನು ಸ್ವಲ್ಪ ಹೊತ್ತು ಗಂಭೀರವಾಗಿಯೇ ಪರಿಶೀಲಿಸಿದರು. ಬೆಳಗಾಗುವುದರೊಳಗೆ ಜಂಪರ ಮತ್ತೆ ಜಂಪರವಾಯಿತು, ಅಳತೆ ಮೊದಲಿಗಿಂತ ಚೆನ್ನಾಗಿ ಕೂತಿತು. ಅದರ ಶ್ರೇಯಸ್ಸಿನಲ್ಲಿ ನನಗೆ ಯಾರೂ ಪಾಲು ಕೊಡಲಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ಶರಣರಿದ್ದರು. ಬ್ಲೇಡುಕಾಯಕಕ್ಕೆ ಶರಣರು ಯಾರೂ ಆಗಿಹೋಗಿಲ್ಲ. ಆ ಖಾಲಿ ಹುದ್ದೆಯನ್ನು ನಾನೀಗ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ತುಂಬಿದ್ದೇನೆ. ನನ್ನ ಹೆಂಡತಿ ಮೈಸೂರಿನ ಕಡೆಯವಳು. ಯೂಟ್ಯೂಬ್ ನೋಡಿ ಬ್ಲೌಸ್ ಕಟಿಂಗ್ ಕಲಿಯುತ್ತಾಳೆ, ಹೊಲಿಯುತ್ತಾಳೆ, ಹಾಕಿ ನೋಡಿ ನನ್ನ ಮುಂದೆ ಇಡುತ್ತಾಳೆ. "ನಮ್ಮೆಜಮಾನ್ರು ಬಿಚ್ಚೋದ್ರಲ್ಲಿ ಎತ್ತಿದ ಕೈ" ಎಂದು ಆಕೆ ಕೆಳಮನೆಯವರಿಗೆ ಹೇಳಿದ್ದೇ ತಡ, ಮದುವೆ ಸುಗ್ಗಿಯಲ್ಲಿ ನಮ್ಮ ಮನೆಗೆ ಬ್ಲೌಸುಗಳ ಮೆರವಣಿಗೆ. ಬುದ್ಧಿವಂತ ಟೈಲರು ಬ್ಲೌಸಿನ ಒಳ ಮಗ್ಗಲಲ್ಲಿ ಅಂಚು ಬಿಟ್ಟು ಎರಡು ಮೂರು ಸಾಲು ಹೊಲಿಗೆ ಹಾಕಿರುತ್ತಾನೆ. ಒಂದು ಸಾಲು ಬಿಚ್ಚಿದರೆ ಒಂದಿಷ್ಟು ಹಬ್ಬದೂಟಕ್ಕೆ ಜಾಗ. ಯಾರು ಯಾವ ಸಾಲಿಗೆ ಬಂದಿದ್ದಾರೆಂಬುದು ಇಡೀ ಅಪಾರ್ಟ್‌ಮೆಂಟಿನಲ್ಲಿ ನನಗೊಬ್ಬನಿಗೇ ಗೊತ್ತು. ಅಸೋಸಿಯೇಷನ್ ಮೀಟಿಂಗಿನಲ್ಲಿ ನನ್ನ ಮಾತಿಗೆ ಯಾರೂ ಎದುರಾಡದಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಮೊನ್ನೆ ಭಾವಮೈದುನನ ಮಗಳ ಮದುವೆಗೆಂದು ನನ್ನದೇ ಮದುವೆಯ ಕೋಟು ಬೀರುವಿನಿಂದ ಹೊರಬಂತು. ಹಾಕಿಕೊಂಡೆ. ಗುಂಡಿಗೂ ಕಾಜಾಕ್ಕೂ ನಡುವೆ ಗೇಣು ಅಂತರ. ಬ್ಲೇಡು ತಂದು ಕೋಟನ್ನು ಒಳಹೊರಗು ತಿರುವಿದೆ. ಅಂಚಿನಲ್ಲಿದ್ದ ಸಾಲುಗಳನ್ನೆಲ್ಲ ಹಿಂದಿನ ಮದುವೆಗಳಿಗೆ ನಾನೇ ಬಿಚ್ಚಿ ಮುಗಿಸಿದ್ದೆ.

ಹೆಂಡತಿ ಕೇಳಿದಳು: "ಬಿಚ್ಚೋದಕ್ಕೆ ಇನ್ನೇನೂ ಉಳಿದಿಲ್ವೇನ್ರೀ?"

"ಇಲ್ಲ ಕಣೆ."

"ಹಾಗಾದ್ರೆ ಇನ್ನು ಬಾಯಿಗೇ ಹೊಲಿಗೆ ಹಾಕ್ಬೇಕು. ಅದನ್ನ ನಾನ್ ಹಾಕ್ತೀನಿ, ನೀವು ಮಾತ್ರ ಬಿಚ್ಚೋಕೆ ಹೋಗ್ಬೇಡಿ."