ಯಾರ ಹೊಲಕ್ಕ?

ಊರಿಗೊಬ್ಬ ಪೈಥಾನ್ ಪಂಡಿತ ಇದ್ದೇ ಇರುತ್ತಾನೆ. ಮರೋಳದವನ ಗುರುತು ಸುಲಭ: ಎಂಜಿನಿಯರಿಂಗ್ ಮುಗಿದಿದೆ, ನೌಕರಿ ಇನ್ನೂ 'ಪ್ರೊಸೆಸ್'ನಲ್ಲಿದೆ, ನೆಟ್‌ವರ್ಕ್ ಸಿಗುವ ಮಾಳಿಗೆಯ ಮೂಲೆಯೇ ಆಫೀಸು. ಎರರ್ ಬಂದರೆ ಮೊದಲು ಕರೆಂಟಿಗೆ ಬೈಯುತ್ತಾನೆ, ಆಮೇಲೆ ಲ್ಯಾಪ್‌ಟಾಪಿಗೆ. ಕಡೆಗೆ ಪೈಥಾನನ್ನೇ ಕಿತ್ತುಹಾಕಿ ಮತ್ತೆ ಇನ್‌ಸ್ಟಾಲ್ ಮಾಡುತ್ತಾನೆ. ಎರರಿನ ಕೊನೆಯ ಸಾಲನ್ನು ಮಾತ್ರ ಪೂರ್ತಿ ಓದುವುದಿಲ್ಲ; ಪೈಥಾನ್ ಅಸಲಿ ಮಾತು ಹೇಳುವುದು ಅಲ್ಲೇ.

ರಾಮಥಾಳ–ಮರೋಳ ಹನಿ ನೀರಾವರಿ ಯೋಜನೆ ಸುಮಾರು 24,000 ಹೆಕ್ಟೇರಿನದು. ಅಂಥ ಊರಲ್ಲಿ ಹುಟ್ಟಿದ ಮೇಲೆ ನೀರು ಬಿಡುವ ಪ್ರೋಗ್ರಾಂ ಬರೆಯದೆ ಇರಲಾದೀತೆ? 'ಹೊಲ' ಅಂತ ಕ್ಲಾಸು, ಅದರೊಳಗೆ 'ನೀರು_ಬಿಡು' ಅಂತ ಮೆಥಡ್. ಪೈಥಾನ್ 3ರಲ್ಲಿ ಕನ್ನಡದಲ್ಲೇ ಹೆಸರಿಡಬಹುದೆಂಬುದು ಇವನಿಗೆ ಖಚಿತವಾಗಿ ಗೊತ್ತಿದ್ದ ಒಂದು ಸಂಗತಿ.

ಹೊಲ.ನೀರು_ಬಿಡು() ಅಂದ. ಟೈಪ್‌ಎರರ್: 'ಸೆಲ್ಫ್' ಬೇಕು. ಬೇಕಂದರೆ ಕೊಟ್ಟರಾಯಿತು, ಕಂಸದೊಳಗೆ ಸೆಲ್ಫ್ ತುರುಕಿದ. ನೇಮ್‌ಎರರ್: ಸೆಲ್ಫ್ ಯಾರೋ ಗೊತ್ತಿಲ್ಲ. ಸಿಟ್ಟಿಗೆ ಕಂಸವನ್ನೇ ಅಳಿಸಿದ. ಎರರ್ ಮಾಯ! ಪೇಢೆ ತರಿಸುವ ಹೊತ್ತಿಗೆ ನೀರೂ ಮಾಯವೆಂದು ತಿಳಿಯಿತು. ಕಂಸವಿಲ್ಲದಿದ್ದರೆ ಮೆಥಡ್ಡಿನ ಹೆಸರು ಹಿಡಿದಂತಾಯಿತೇ ಹೊರತು ಕರೆದಂತಾಗಲಿಲ್ಲ. ಎಲ್ಲಿಂದಲೋ ಹುಡುಕಿ ತಂದ ಕ್ಲಾಸ್‌ಮೆಥಡ್ ಪಟ್ಟಿಯನ್ನು ಮೆಥಡ್ಡಿನ ತಲೆಗೆ ಅಂಟಿಸಿದ. ಈಗ ಸೆಲ್ಫ್ ಜಾಗಕ್ಕೆ ಕ್ಲಾಸೇ ಬಂದು ಕೂತಿತು. ವಾಲ್ವು ತೆರೆದದ್ದು ಒಂದು ಹೊಲದ್ದಲ್ಲ, ಇದ್ದಬದ್ದ ಹೊಲಗಳದ್ದೆಲ್ಲ. ಮಾಡಿದ್ದನ್ನೆಲ್ಲ ತೆಗೆದು ಮೊದಲಿನ ಎರರಿಗೇ ಬಂದು ಕೂತ.

ಅಷ್ಟರಲ್ಲಿ ಕಾಕಾ ಮಾಳಿಗೆ ಹತ್ತಿದರು. "ಏನ್ ಅಂತೈತೋ ನಿನ್ ಪೆಟ್ಟಿಗಿ? ಓದಿ ಹೇಳು."

ಕಾಕಾನಿಗೆ ಇಂಗ್ಲಿಷ್ ಬಾರದು. ಹೀಗಾಗಿ ಕೊನೆಯ ಸಾಲು ಮೊದಲ ಸಲ ಪೂರ್ತಿ ಓದಿಸಿಕೊಂಡಿತು.

"ನೀರ್ ಬಿಡು ಅಂದ್ರ, ಯಾರಿಗೆ ಅಂತ ಕೇಳಾಕತ್ತೈತ್ರಿ ಕಾಕಾ."

"ಬರೋಬ್ಬರಿ ಕೇಳೈತಿ. ಬರೇ ಹೊಲ ಅಂದ್ರ ಯಾರ ಹೊಲಕ್ಕ ಬಿಡೂದು? ತಪ್ಪಿ ಬಾಜೂದವರ ಹೊಲಕ್ಕ ಹೋದ್ರ ಬಡದಾಟ ಆಕ್ಕೈತಿ!"

ಪಂಡಿತ ಸ್ವಲ್ಪ ಹೊತ್ತು ಸುಮ್ಮನಾದ. ಆಮೇಲೆ ಎರಡೇ ಸಾಲು: ಕಾಕಾನ_ಹೊಲ = ಹೊಲ(); ಕಾಕಾನ_ಹೊಲ.ನೀರು_ಬಿಡು(). ಪರದೆಯ ಮೇಲೆ ನೀರು ಹರಿಯಿತು. ಸೆಲ್ಫನ್ನು ಅವನು ಕೊಡಬೇಕಾಗಿಯೇ ಇರಲಿಲ್ಲ. ಹೊಲ ಯಾವುದೆಂದು ಹೇಳಿದರೆ ಸಾಕು, ಅದನ್ನೇ ಪೈಥಾನ್ ಸೆಲ್ಫ್ ಅಂತ ಒಳಗೆ ಕಳಿಸುತ್ತದೆ.

ಸಂಜೆ ಚಹಾದಂಗಡಿಯಲ್ಲಿ ಗೆಳೆಯರು ಕೇಳಿದರು, "ಏನಾಗಿತ್ತಲೇ?"

"ಪೈಥಾನಿನ್ಯಾಗ ಒಂದ್ ತಪ್ಪಿತ್ತು," ಅಂದ, ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತ. "1991ರಿಂದ ಯಾರೂ ನೋಡಿದ್ದಿಲ್ಲ. ತಗದ್ ಹಾಕೀನಿ."